ಕೂನೂರಿನ ಇಲಿಗಳು

ಮಗ ಸಾಕಿರುವುದು ಆಫ್ರಿಕಾ ಮೂಲದ ಬಾಲ್ ಪೈಥಾನ್. ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಇದಕ್ಕೆ ನೋಂದಣಿ ಮಾಡಿಸಿದ್ದೇವೆ. ಅದರ ಊಟಕ್ಕೆಂದು ಬಾಲ್ಕನಿಯಲ್ಲಿ ಬಿಳಿ ಇಲಿಗಳು. ಹೋದ ಬೇಸಿಗೆಯಲ್ಲಿ ತಾಯಿ ಇಲಿಯೊಂದು ತನ್ನ ಮರಿಗಳನ್ನೇ ತಿಂದುಹಾಕಿತು. ಮಗ ಅತ್ತ. "ಹೇಗೂ ಹಾವಿಗೆ ಹಾಕೋ ಇಲಿ ತಾನೆ, ಬಿಡೋ" ಅಂದುಬಿಟ್ಟೆ. ಆ ಇಲಿಗಳಿಗೆ ದಿನಾ ಉಳಿದ ಬ್ರೆಡ್ಡು, ಅನ್ನ ಹಾಕುತ್ತಿದ್ದವನು ನಾನೇ.

ಆಡಿದ ಮಾತು ಮನಸ್ಸಿಗೆ ಚುಚ್ಚುತ್ತಿತ್ತು. ಓದಲು ಕೂತೆ.

ಸಾಕಿದ ಇಲಿಯ ಕಥೆಯಲ್ಲಿ 19ನೇ ಶತಮಾನದ ಲಂಡನ್ನಿಗೂ ಪಾಲಿದೆ. ಅಲ್ಲಿ ನಾಯಿಯ ಮುಂದೆ ಇಲಿಗಳನ್ನು ಬಿಟ್ಟು ಬಾಜಿ ಕಟ್ಟುತ್ತಿದ್ದರು. ಹಿಡಿದ ಇಲಿಗಳಲ್ಲಿ ಬಣ್ಣ ಬೇರೆಯಾಗಿದ್ದವನ್ನು ಉಳಿಸಿ, ಮರಿ ಮಾಡಿಸಿ ಮಾರಿದವರಲ್ಲಿ ಜ್ಯಾಕ್ ಬ್ಲ್ಯಾಕ್ ಒಬ್ಬ. 1906ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆ ಪ್ರಯೋಗಕ್ಕೆಂದೇ ಬಿಳಿ ಇಲಿಗಳನ್ನು ಬೆಳೆಸತೊಡಗಿತು. ಆದರೆ ಇಲಿಯ ಆರೋಗ್ಯವನ್ನೇ ಪ್ರಶ್ನೆಯಾಗಿಸಿಕೊಂಡ ಕೆಲಸ ನಡೆದದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ.

ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಆಹಾರದ ಕೊರತೆಯಿಂದ ಬರುವ ರೋಗಗಳ ಅಧ್ಯಯನ ಆರಂಭಿಸಿದರು. ಮುಂದೆ ಇಲಿಗಳ ಏಳು ಗುಂಪು ಮಾಡಿ, ಒಂದೊಂದಕ್ಕೂ ಭಾರತದ ಒಂದೊಂದು ಜನರ ಊಟ ಕೊಟ್ಟರು. ಸಿಖ್ಖರ ಊಟ ತಿಂದವು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು; ಆಮೇಲೆ ಪಠಾಣ, ಮರಾಠ, ಗೂರ್ಖಾ. ಕನ್ನಡಿಗರ ಊಟಕ್ಕೆ ಐದನೇ ಸ್ಥಾನ! ನಂತರ ಬಂಗಾಳಿ, ಕೊನೆಗೆ ಮದ್ರಾಸಿನ ಅಕ್ಕಿಯೂಟ. ಜನರನ್ನು ಹೀಗೆ ಗುಂಪು ಕಟ್ಟಿ ತೂಗುವುದರಲ್ಲಿ ಆ ಕಾಲದ ಬ್ರಿಟಿಷ್ ಕಣ್ಣು ಇತ್ತು, ನಿಜ. ಆದರೆ ವ್ಯತ್ಯಾಸ ತಂದದ್ದು ಕುಲವಲ್ಲ, ತಟ್ಟೆ: ಇಲಿಗಳೆಲ್ಲ ಒಂದೇ ಜಾತಿಯವು.

ತಮ್ಮ ಮೂಲ ಇಲಿಗಳಿಗೆ ಅವರು ಕೊಡುತ್ತಿದ್ದದ್ದು ಇಡೀ ಗೋಧಿಯ ಚಪಾತಿ, ಬೆಣ್ಣೆ, ಮೊಳಕೆ ಕಾಳು, ಹಸಿ ಕ್ಯಾರೆಟ್, ಕೋಸು, ಹಾಲು, ವಾರಕ್ಕೊಮ್ಮೆ ಮೂಳೆಸಹಿತ ಸ್ವಲ್ಪ ಮಾಂಸ. ಜೊತೆಗೆ ಶುಚಿಯಾದ ಗೂಡು, ಗಾಳಿ, ಬಿಸಿಲು. ಎರಡು ವರ್ಷಕ್ಕೂ ಮಿಕ್ಕಿ ಅವುಗಳಲ್ಲಿ ರೋಗವೇ ಕಾಣಲಿಲ್ಲ ಎಂದು ಬರೆದರು. ಇನ್ನೊಂದು ಗುಂಪಿಗೆ ಇಂಗ್ಲೆಂಡಿನ ಬಡವರ ಊಟ: ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಚಹಾ, ಬೇಯಿಸಿದ ತರಕಾರಿ, ಡಬ್ಬಿಯ ಮಾಂಸ. ಅವು ಸರಿಯಾಗಿ ಬೆಳೆಯಲಿಲ್ಲ, ನೋಡಿಕೊಳ್ಳುವವರನ್ನು ಕಚ್ಚಿದವು. ಎರಡು ತಿಂಗಳಾಗುವಷ್ಟರಲ್ಲಿ ಬಲಹೀನ ಇಲಿಗಳನ್ನು ಕೊಂದು ತಿನ್ನತೊಡಗಿದವು.

ಇಲ್ಲಿಗೆ ಬಂದು ಪುಸ್ತಕ ಮುಚ್ಚಿದೆ. ನಮ್ಮ ಬಾಲ್ಕನಿಯಲ್ಲಿ ಸೆಕೆಯೂ ಇತ್ತು, ಇಕ್ಕಟ್ಟೂ ಇತ್ತು. ತಪ್ಪೆಲ್ಲ ಬ್ರೆಡ್ಡಿನದೇ ಎನ್ನಲಾರೆ. ಆದರೆ ಇಲಿ ತಿಂದದ್ದೇ ಹಾವಿನ ಮೈ ಸೇರುತ್ತದೆ ಎಂಬುದನ್ನು ಎಂ.ಟೆಕ್ ಮಾಡಿದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೂನೂರಿನ ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ತಾರ್ನಾಕದಲ್ಲಿ ಅದರ ಗೇಟಿನ ಮುಂದೆಯೇ ಎಷ್ಟೋ ವರ್ಷ ಆಫೀಸಿಗೆ ಓಡಾಡಿದ್ದೇನೆ. ಒಂದು ಭಾನುವಾರ ಮಗನನ್ನು ಕರೆದೊಯ್ದು ಗೇಟು ತೋರಿಸಿ ಈ ಕಥೆ ಹೇಳಿದೆ. "ಹಾಗಾದ್ರೆ ಅವತ್ತು ನೀವು ಹೇಳಿದ್ದು ತಪ್ಪು ಅಲ್ವಾ ಅಪ್ಪಾ?" ಅಂದ. ಹೌದು ಅಂದೆ. ಬರುವಾಗ ಕ್ಯಾರೆಟ್ಟು, ಕಡಲೆ ಕಾಳು ತಂದೆವು. ರಾತ್ರಿ ಕಾಳು ನೆನೆಹಾಕಿದವನು ಅವನೇ.