ಬಾಯಿಪಾಠದಿಂದ ನೀಲನಕ್ಷೆಯವರೆಗೆ

1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ತನ್ನ ಜಿಲ್ಲೆಯ ದೇಶೀಯ ಪಾಠಶಾಲೆಗಳನ್ನು ಕುರಿತು ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ, ಅಲ್ಲಿನ ಹುಡುಗರು ಅಸಂಖ್ಯಾತ ಪದ್ಯಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಬಲ್ಲರಾದರೂ ಅವುಗಳ ಅರ್ಥವನ್ನು ಮಾತ್ರ ಅರಿಯರೆಂದೂ, ಕಾವ್ಯಭಾಷೆಗೂ ಆಡುಮಾತಿಗೂ ನಡುವಣ ಅಂತರವೇ ಇದಕ್ಕೆ ಕಾರಣವೆಂದೂ ಬರೆದಿದ್ದಾನೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯುತ್ತಿದ್ದರೆಂಬುದನ್ನು ಅದೇ ವರದಿಯು ತಿಳಿಸುತ್ತದೆ. ಮೂರನೆಯವನಿಂದ ಮೊದಲುಗೊಂಡು ಬೆತ್ತದ ಏಟುಗಳು ಒಂದೊಂದಾಗಿ ಏರುತ್ತಿದ್ದವು. ಕೂಲಿಮಠಗಳೆಂದು ಕರೆಯುತ್ತಿದ್ದ ಇಂಥ ಪಾಠಶಾಲೆಗಳ ಅಯ್ಯಗಳು ಮಗ್ಗಿಯನ್ನೂ ಕಾಗುಣಿತವನ್ನೂ ಪ್ರತಿಯೊಂದು ಮಗುವಿನ ಬಾಯಿಂದಲೇ ಕೇಳಿ, ಅದು ಗಟ್ಟಿಯಾಯಿತೆಂದು ಮನದಟ್ಟಾದ ಮೇಲೆ ಮುಂದಿನದನ್ನು ಹೇಳಿಕೊಡುತ್ತಿದ್ದರೆಂಬ ಗುಣವನ್ನು ಮರೆಯಲಾಗದು. ಆದರೆ ಅರ್ಥವನ್ನು ಯಾರೂ ಕೇಳುತ್ತಿರಲಿಲ್ಲವಾದುದರಿಂದ ಅದನ್ನು ಯಾರೂ ಕಲಿಸಲೂ ಇಲ್ಲ. ಪರೀಕ್ಷೆಯಲ್ಲಿ ಕೇಳಿದುದೇ ಪಾಠದಲ್ಲಿ ಉಳಿಯುತ್ತದೆಂಬ ಈ ಸಂಗತಿಯು ಮುಂದಿನ ನೂರೈವತ್ತು ವರ್ಷಗಳ ಪರೀಕ್ಷಾ ಚರಿತ್ರೆಯಲ್ಲೆಲ್ಲ ಹಾಸುಹೊಕ್ಕಾಗಿದೆ.

ಬೆಂಗಳೂರಿನಲ್ಲಿ ಸೆಂಟ್ರಲ್ ಸ್ಕೂಲು 1858ರಲ್ಲಿ ಸ್ಥಾಪಿತವಾಗಿ, ಶಿಕ್ಷಣಾಧಿಕಾರಿ ಬಿ. ಎಲ್. ರೈಸರ ಯೋಜನೆಯಂತೆ 1868ರಿಂದ ಹೋಬಳಿ ಶಾಲೆಗಳು ತಲೆಯೆತ್ತಿದ ಮೇಲೆ, ಗುರುವಿನ ಕಿವಿಯ ಸ್ಥಾನವನ್ನು ಕಾಗದವು ಆಕ್ರಮಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟುವವರೆಗೆ ಇಲ್ಲಿಯ ಕಾಲೇಜು ವಿದ್ಯಾರ್ಥಿಗಳ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದುದು ಮದರಾಸಿನ ವಿಶ್ವವಿದ್ಯಾನಿಲಯ. 1892ರಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ತರುವಾಯ ಬಸವನಗುಡಿ ಮಲ್ಲೇಶ್ವರಗಳೂ ಬೆಳೆಯತೊಡಗಿದಾಗ, ಅಲ್ಲಿ ಮನೆ ಕಟ್ಟಿಕೊಂಡ ಗುಮಾಸ್ತರು, ವಕೀಲರು, ಉಪಾಧ್ಯಾಯರು ಮುಂತಾದವರಿಗೆ ಮಕ್ಕಳ ಪರೀಕ್ಷೆಯ ಫಲವೇ ಜೀವನೋಪಾಯದ ಹೆಬ್ಬಾಗಿಲಾಯಿತು. ಬಸವನಗುಡಿಯಲ್ಲಿ 1913ರಲ್ಲಿ ಮಹಿಳಾ ಸೇವಾ ಸಮಾಜವೂ 1917ರಲ್ಲಿ ನ್ಯಾಷನಲ್ ಹೈಸ್ಕೂಲೂ ಉದಯಿಸಿದವು. 1915ರಲ್ಲಿ ಜನ್ಮತಾಳಿದ ಕನ್ನಡ ಸಾಹಿತ್ಯ ಪರಿಷತ್ತು ಮುಂದೆ ಚಾಮರಾಜಪೇಟೆಯ ತನ್ನ ಮಂದಿರದಿಂದ ಕಾವ, ಜಾಣ, ರತ್ನವೆಂಬ ಪರೀಕ್ಷೆಗಳನ್ನು ನಡೆಸಿ, ಶಾಲೆಯ ಹೊರಗೆ ಉಳಿದವರಿಗೂ ತಮ್ಮ ಭಾಷಾಜ್ಞಾನವನ್ನು ಒರೆಗೆ ಹಚ್ಚಿಕೊಳ್ಳುವ ಅವಕಾಶವನ್ನು ಕಲ್ಪಿಸಿತು. ಮೆಟ್ರಿಕ್ಯುಲೇಶನ್ನಿನಲ್ಲಿ ತೇರ್ಗಡೆಯಾಗದ ಡಿ. ವಿ. ಗುಂಡಪ್ಪನವರು ಇದೇ ಬಸವನಗುಡಿಯಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು; 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರೇಟನ್ನಿತ್ತು ಗೌರವಿಸಿತು. ಆ ಹಳೆಯ ಪ್ರಶ್ನಪತ್ರಿಕೆಯು ಅವರಲ್ಲಿ ಏನನ್ನು ಅಳೆಯಿತೆಂದು ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಒಂದೇ ಉತ್ತರಕ್ಕೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕಗಳನ್ನು ಕೊಡುವ ದೋಷವನ್ನೂ, ಪ್ರಶ್ನಪತ್ರಿಕೆಯು ಅದನ್ನು ಬರೆದವರಿಗೆ ಪ್ರಿಯವಾದ ಅಧ್ಯಾಯಗಳ ಕಡೆಗೇ ವಾಲುವ ದೋಷವನ್ನೂ ಶಿಕ್ಷಣವೇತ್ತರು ಬಹುಕಾಲದಿಂದ ಬಲ್ಲವರಾಗಿದ್ದರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು; ಧಾರವಾಡದಲ್ಲಿ ವಿ. ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮರಾಠಿ ಮಕ್ಕಳಿಗೆ ಹೊಂದಿಸಿ, ಅದರ ಫಲಿತಾಂಶಗಳನ್ನು 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆದರೆ ಬುದ್ಧಿಯನ್ನು ಅಳೆಯುವುದು ಬೇರೆ, ಕಲಿಸಿದ ಪಾಠವು ಎಷ್ಟರಮಟ್ಟಿಗೆ ಹತ್ತಿತೆಂದು ಅಳೆಯುವುದು ಬೇರೆ. ಈ ಎರಡನೆಯದೇ ಸಾಧನಾ ಪರೀಕ್ಷೆ. 1948–49ರ ರಾಧಾಕೃಷ್ಣನ್ ಆಯೋಗವೂ 1952–53ರ ಮುದಲಿಯಾರ್ ಆಯೋಗವೂ ಪರೀಕ್ಷಾ ಸುಧಾರಣೆಯನ್ನು ಒತ್ತಿ ಹೇಳಿದ ಮೇಲೆ, ಶೈಕ್ಷಣಿಕ ಉದ್ದೇಶಗಳ ವರ್ಗೀಕರಣವನ್ನು 1956ರಲ್ಲಿ ಪ್ರಕಟಿಸಿದ್ದ ಬೆಂಜಮಿನ್ ಬ್ಲೂಮರು ಭಾರತಕ್ಕೆ ಬಂದು ಉಪಾಧ್ಯಾಯರಿಗಾಗಿ ಕಮ್ಮಟಗಳನ್ನು ನಡೆಸಿದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕವು ಏರ್ಪಟ್ಟಿತು.

ಆ ಪರೀಕ್ಷಾ ಸುಧಾರಣೆಯ ಚಳವಳಿಯು ನಮ್ಮ ಶಿಕ್ಷಕರ ಕೈಗೆ ಕೊಟ್ಟುಹೋದ ಸಾಧನವೇ ನೀಲನಕ್ಷೆ. ಕಾಗದದ ಒಂದು ಪಕ್ಕದಲ್ಲಿ ಪಾಠದ ಉಪಘಟಕಗಳನ್ನೂ ಮೇಲ್ಗಡೆ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲಗಳೆಂಬ ಉದ್ದಿಷ್ಟಗಳನ್ನೂ ಬರೆದುಕೊಂಡು, ಯಾವ ಮನೆಗೆ ಎಷ್ಟು ಅಂಕ, ಅದು ವಸ್ತುನಿಷ್ಠ ಪ್ರಶ್ನೆಯೋ ಕಿರು ಉತ್ತರದ್ದೋ ದೀರ್ಘ ಉತ್ತರದ್ದೋ ಎಂಬುದನ್ನು ಪ್ರಶ್ನೆ ಬರೆಯುವುದಕ್ಕೆ ಮುಂಚೆಯೇ ನಿಶ್ಚಯಿಸತಕ್ಕದ್ದು. ಬಾಷ್ಪೀಕರಣದ ಪಾಠವನ್ನೇ ತೆಗೆದುಕೊಳ್ಳೋಣ. ಅದರ ಲಕ್ಷಣವನ್ನು ಕೇಳಿದರೆ ಜ್ಞಾನದ ಪ್ರಶ್ನೆ, ಕುದಿಯುವುದಕ್ಕೂ ಅದಕ್ಕೂ ಇರುವ ಭೇದವನ್ನು ಕೇಳಿದರೆ ತಿಳಿವಳಿಕೆಯ ಪ್ರಶ್ನೆ, ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆಂದು ಕೇಳಿದರೆ ಅನ್ವಯದ ಪ್ರಶ್ನೆ. ಇಲ್ಲೊಂದು ಸೂಕ್ಷ್ಮವಿದೆ: ಹೂಜಿಯ ಉತ್ತರವನ್ನು ಉಪಾಧ್ಯಾಯರು ಮುಂಚಿತವಾಗಿಯೇ ನೋಟ್ಸಿನಲ್ಲಿ ಬರೆಸಿದ್ದರೆ, ನಕ್ಷೆಯಲ್ಲಿ ಅದು ಯಾವ ಮನೆಯಲ್ಲಿಯೇ ಇರಲಿ, ಮಗುವಿನ ಪಾಲಿಗೆ ಅದು ಬರಿಯ ಬಾಯಿಪಾಠ. ಆಗ ಆ ಪ್ರಶ್ನೆಗೂ ಕ್ಯಾಂಬೆಲ್ಲನು ಕಂಡ ಅರ್ಥವಿಲ್ಲದ ಪದ್ಯಗಳಿಗೂ ಭೇದವಿಲ್ಲ. ನಕ್ಷೆಯನ್ನು ನಿಷ್ಠೆಯಿಂದ ತುಂಬಿಯೂ ಈ ಎಚ್ಚರವಿಲ್ಲದ್ದರಿಂದ ವ್ಯರ್ಥವಾದ ಪತ್ರಿಕೆಗಳೇ ನಮ್ಮಲ್ಲಿ ಹೆಚ್ಚೆಂದು ನಾನು ವಿಷಾದದಿಂದ ನಂಬಿದ್ದೇನೆ.

ಇನ್ನು ರಾಜ್ಯಮಟ್ಟದ ಪರೀಕ್ಷೆಗಾಗಿ 1966ರ ಶಾಸನದಿಂದ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿಯು ರೂಪುಗೊಂಡಿತು. ಮಲ್ಲೇಶ್ವರದ ಆರನೆಯ ಅಡ್ಡರಸ್ತೆಯಲ್ಲಿರುವ ಅದರ ಕಚೇರಿಯನ್ನು ಎಸ್.ಎಸ್.ಎಲ್.ಸಿ. ಬರೆದ ಮಕ್ಕಳ ತಂದೆತಾಯಿಗಳೆಲ್ಲರೂ ಬಲ್ಲರು. ಅಲ್ಲಿಂದ ಹೊರಡುವ ಅಂಕಪಟ್ಟಿಯು ಮಗುವಿನ ದಾರಿಯನ್ನು ನಿರ್ಧರಿಸುತ್ತದೆಯೇ ಹೊರತು, ಮಗುವು ಎಲ್ಲಿ ಎಡವಿತೆಂದು ಹೇಳುವುದಿಲ್ಲ. ಆ ಕೆಲಸವು ತರಗತಿಯ ಘಟಕ ಪರೀಕ್ಷೆಯದು. ಉತ್ತರಪತ್ರಿಕೆಗಳನ್ನು ಅಂಕಗಳ ಕ್ರಮದಲ್ಲಿ ಜೋಡಿಸಿ, ಮೇಲಿನ ನೂರಕ್ಕೆ 27 ಮಂದಿಯನ್ನೂ ಕೆಳಗಿನ ನೂರಕ್ಕೆ 27 ಮಂದಿಯನ್ನೂ ಬೇರ್ಪಡಿಸಿ, ಪ್ರತಿಯೊಂದು ಪ್ರಶ್ನೆಗೂ ಎರಡು ಗುಂಪುಗಳಲ್ಲಿ ಎಷ್ಟೆಷ್ಟು ಮಂದಿ ಸರಿಯಾಗಿ ಉತ್ತರಿಸಿದರೆಂದು ನೋಡುವುದು ಶಾಸ್ತ್ರದ ಕ್ರಮ. ಬಲ್ಲವರೇ ತಪ್ಪಿ, ಬಾರದವರು ಸರಿಯಾಗಿ ಬರೆದ ಪ್ರಶ್ನೆಯಿದ್ದರೆ ದೋಷವು ಬಹುಶಃ ಆ ಪ್ರಶ್ನೆಯ ರಚನೆಯಲ್ಲಿರುತ್ತದೆ. ಅದನ್ನು ತಿದ್ದಬೇಕು, ಇಲ್ಲವೆ ಬಿಡಬೇಕು. ಇಡೀ ತರಗತಿಯೇ ಎಡವಿದ್ದರೆ ಪ್ರಶ್ನೆಯನ್ನೂ ಪಾಠವನ್ನೂ ಎರಡನ್ನೂ ಪರಿಶೀಲಿಸತಕ್ಕದ್ದು. ಪ್ರಶ್ನೆಯು ನಿರ್ದೋಷವಾಗಿದ್ದ ಪಕ್ಷದಲ್ಲಿ ಉಪಾಧ್ಯಾಯರು ಪರಿಹಾರ ಬೋಧನೆಯನ್ನು ಕೈಗೊಂಡು, ಆ ಉಪಘಟಕವನ್ನು ಬೇರೊಂದು ಉದಾಹರಣೆಯಿಂದ ಮತ್ತೊಮ್ಮೆ ಕಲಿಸತಕ್ಕದ್ದು.