ಅಗಸ್ತ್ಯತೀರ್ಥದ ದಂಡೆಗುಂಟ

ಬನದ ಹುಣ್ಣಿವೆಗೆ ಬನಶಂಕರಿ ಜಾತ್ರೆಗೆ ಹೋಗುವ ರೋಣ ಸೀಮೆಯ ನಾವು ಬಾದಾಮಿಯ ಮೇಣಬಸದಿ ನೋಡಿ ಹಾಗೇ ತಿರುಗಿಬಿಡುತ್ತೇವೆ. ಕೆಳಗಿನ ಅಗಸ್ತ್ಯತೀರ್ಥ ಕೆರೆಯನ್ನು ಸುತ್ತು ಹಾಕುವವರು ಕಡಿಮೆ. ಮುದುಕರೂ ನಡೆಯಬಹುದಾದ ದಾರಿ ಅದು.

ದಕ್ಷಿಣ ಗುಡ್ಡದ ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ. ಎದುರಿನ ಉತ್ತರ ಗುಡ್ಡದಲ್ಲಿ ಒಂದನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ ಶಾಸನ. 642ರಲ್ಲಿ ಪಲ್ಲವ ನರಸಿಂಹವರ್ಮ ಊರು ಗೆದ್ದು ತನ್ನದನ್ನೂ ಬಂಡೆಗೆ ಕೆತ್ತಿಸಿದ. ಅರಸರ ಮಾತು ಇಷ್ಟು ಸಾಕು.

ಪೂರ್ವ ದಂಡೆಯ ಭೂತನಾಥ ಗುಡಿ ನೋಡಿಕೊಂಡು ಈಶಾನ್ಯಕ್ಕೆ ಬಂದರೆ ಕಪ್ಪೆ ಅರಭಟ್ಟನ ಶಾಸನ, ಸುಮಾರು 700ರ ಕಾಲದ್ದು. ಅವನು ಅರಸನಲ್ಲ. ಒಳ್ಳೆಯವರೊಡನೆ ಮೆತ್ತಗೆ, ಕೆಣಕಿದವರಿಗೆ ಕಠಿಣ, ಅಂಥ ಮನುಷ್ಯ ಎಂಬುದೇ ಅದರ ಹುರುಳು. ಹೇಳಿದ್ದು ತ್ರಿಪದಿಯಲ್ಲಿ, ಈವರೆಗೆ ದೊರೆತ ಕನ್ನಡ ತ್ರಿಪದಿಗಳಲ್ಲಿ ಅದೇ ಹಳೆಯದು.

ನಮ್ಮ ಅವ್ವಂದಿರು ಬೀಸುವಕಲ್ಲಿನ ಮುಂದೆ ಕುಂತು ಹಾಡಿದ್ದೂ ತ್ರಿಪದಿಯೇ! ಹಿಟ್ಟಿನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಎಷ್ಟೋ ಹಾಡು ಅದರ ಸಂಗಡ ಹೋದವು. ಉಳಿದವು ಹಿರಿಯರ ಬಾಯಲ್ಲಿ ಮಾತ್ರ. ಮುಂದಿನ ಜಾತ್ರೆಗೆ ಹೋದಾಗ ಮನೆಯ ಆಯಿಯನ್ನು ಆ ಬಂಡೆಯ ತನಕ ನಿಧಾನ ಕರೆದೊಯ್ದು, ಯಾರಾದರೂ ಓದಿ ಹೇಳಬೇಕು. ಶಬ್ದ ತಿಳಿಯದಿದ್ದರೂ ಧಾಟಿಯ ಗುರ್ತು ಅವರಿಗೆ ಹತ್ತೀತು.