ಇ-ರೀಡರ್ ಮತ್ತು ಸೌರ ಚಾರ್ಜಿಂಗ್: ಫಲಕ ಎಲ್ಲಿರಬೇಕು?

ಇ-ರೀಡರ್‌ನ ಇ-ಇಂಕ್ ಪರದೆಯ ಮೇಲೆ ಒಮ್ಮೆ ಮೂಡಿದ ಪುಟ ವಿದ್ಯುತ್ತಿಲ್ಲದೆಯೂ ಹಾಗೇ ಉಳಿಯುತ್ತದೆ. ಪುಟ ಬದಲಾಗುವಾಗ ಮಾತ್ರ ಪರದೆಗೆ ಶಕ್ತಿ ಬೇಕು. ಬ್ಯಾಟರಿಯನ್ನು ಹೆಚ್ಚು ಹೀರುವುದು ಪರದೆಯ ದೀಪ ಮತ್ತು ವೈಫೈ. ಇಷ್ಟು ಮಿತವ್ಯಯದ ಸಾಧನಕ್ಕೆ ಬಿಸಿಲೇ ಸಾಕೆಂಬ ಆಲೋಚನೆ ಸಹಜವಾದದ್ದು. 2009ರಲ್ಲಿ ಎಲ್‌ಜಿ ಡಿಸ್‌ಪ್ಲೇ ಸೌರಕೋಶವಿರುವ ಇ-ಪುಸ್ತಕದ ಮಾದರಿಯನ್ನು ತೋರಿಸಿತು. 2012ರಲ್ಲಿ ಕಿಂಡಲ್ ಇ-ರೀಡರ್‌ಗೆ ಸೌರಫಲಕದ ಕವರ್ ಬಂತು. ಎರಡೂ ಬಳಕೆಯಲ್ಲಿ ಬೇರೂರಲಿಲ್ಲ.

ಶಕ್ತಿ ಸಾಲದೆ ಹೀಗಾಯಿತೆನ್ನಲು ಲೆಕ್ಕ ಒಪ್ಪುವುದಿಲ್ಲ. 1500 ಮಿಲಿಆಂಪ್-ಗಂಟೆಯ, 3.7 ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 5.5 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ದಿನಕ್ಕೆ ಅರ್ಧ ಗಂಟೆ ಓದಿ ಅದು ಮೂರು ವಾರ ಬಂದರೆ, ದಿನದ ಖರ್ಚು ಕಾಲು ವ್ಯಾಟ್-ಗಂಟೆಯ ಆಸುಪಾಸು. ಹತ್ತು ಸೆಂಟಿಮೀಟರ್ ಚೌಕದ, ಶೇ. 20 ದಕ್ಷತೆಯ ಫಲಕ ನಡುಮಧ್ಯಾಹ್ನದ ಬಿಸಿಲಿನಲ್ಲಿ 2 ವ್ಯಾಟ್ ಕೊಡುತ್ತದೆ. ಅರ್ಧದಷ್ಟು ನಷ್ಟವಾದರೂ ಕಾಲು ಗಂಟೆಯ ಬಿಸಿಲು ಒಂದು ದಿನದ ಓದಿಗೆ ಸಾಕು.

ತೊಡಕಿರುವುದು ಓದುವ ಜಾಗದಲ್ಲಿ. ನಾವು ಓದುವುದು ನೆರಳಿನಲ್ಲಿ. ಕೋಣೆಯ ಬೆಳಕಿನಲ್ಲಿ ಅದೇ ಫಲಕದ ಉತ್ಪಾದನೆ ಕೆಲವೇ ಮಿಲಿವ್ಯಾಟ್‌ಗೆ ಇಳಿಯುತ್ತದೆ. ಹಾಗೆಂದು ಸಾಧನವನ್ನೇ ಬಿಸಿಲಿಗೆ ಇಡುವಂತಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಚಾರ್ಜ್ ಮಾಡಬಾರದು. ಕಪ್ಪು ಕವರ್ ಬೇಸಿಗೆಯ ಬಿಸಿಲಿನಲ್ಲಿ ಆ ಮಿತಿಯನ್ನು ಬೇಗ ದಾಟುತ್ತದೆ. ಫಲಕಕ್ಕೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು. ಎರಡನ್ನೂ ಒಂದೇ ಕವರಿನಲ್ಲಿ ಕೂಡಿಸಿದ್ದೇ ಆ ವಿನ್ಯಾಸದ ಮೂಲ ದೋಷವೆಂದು ನನ್ನ ಅಭಿಪ್ರಾಯ.

ನಗರದ ಓದುಗನಿಗೆ ಗೋಡೆಯ ಪ್ಲಗ್ ಇದ್ದೇ ಇದೆ. ಸೌರಶಕ್ತಿ ನಿಜವಾಗಿ ಬೇಕಾದದ್ದು ತಂತಿ ತಲುಪದ ಶಾಲೆಗೆ, ಅದೂ ಚಾವಣಿಯ ಮೇಲೆ. ಐವತ್ತು ಮಕ್ಕಳು ಹಗಲಿನಲ್ಲಿ ದೀಪ ಆರಿಸಿಕೊಂಡು ತಲಾ ಎರಡು ಗಂಟೆ ಓದಿದರೆ ಒಟ್ಟು ಖರ್ಚು 50 ವ್ಯಾಟ್-ಗಂಟೆಯನ್ನು ಮೀರದು. 50 ವ್ಯಾಟಿನ ಒಂದೇ ಫಲಕಕ್ಕೆ ನಾಲ್ಕು ಗಂಟೆ ಒಳ್ಳೆಯ ಬಿಸಿಲು ಸಿಕ್ಕರೆ, ನಷ್ಟ ಕಳೆದೂ ಇದರ ದುಪ್ಪಟ್ಟು ದೊರೆಯುತ್ತದೆ. ಆ ಶಕ್ತಿಯನ್ನು ಕೋಣೆಯೊಳಗಿನ ಒಂದು ಬ್ಯಾಟರಿಯಲ್ಲಿ ತುಂಬಿಟ್ಟು, ಶಾಲೆ ಮುಗಿದ ಮೇಲೆ ಸಾಧನಗಳನ್ನು ಅದಕ್ಕೆ ಜೋಡಿಸಿದರಾಯಿತು.

ವರ್ಲ್ಡ್‌ರೀಡರ್ ಸಂಸ್ಥೆ 2010ರಲ್ಲಿ ಘಾನಾದ ಶಾಲೆಗಳಲ್ಲಿ ಕಿಂಡಲ್ ಪ್ರಯೋಗ ಆರಂಭಿಸಿದಾಗ ದೊಡ್ಡ ತಲೆನೋವಾದದ್ದು ಮಕ್ಕಳ ಕೈಯಲ್ಲಿ ಒಡೆಯುತ್ತಿದ್ದ ಪರದೆ. ಇಂಥ ಯೋಜನೆ ಹಮ್ಮಿಕೊಳ್ಳುವವರು ಒಂದೊಂದು ಸಾಧನಕ್ಕೂ ಸೌರಕವರ್ ಕೊಳ್ಳುವ ಬದಲು ಚಾವಣಿಗೊಂದು ಫಲಕ ಹಾಕಿಸಿ, ಉಳಿದ ಹಣವನ್ನು ಗಟ್ಟಿ ಕವಚಕ್ಕೂ ಒಡೆದ ಪರದೆ ಬದಲಿಸುವುದಕ್ಕೂ ಮೀಸಲಿಡುವುದು ಉಚಿತ.